ಬಾಳೆಸಸಿಗಳ ಅತ್ತೆ

ನಮ್ಮ ಸಾಲಿನ ಕೊನೆಯ ಮನೆಯಾಕೆಯನ್ನು ಎಲ್ಲರೂ "ಅತ್ತೆ" ಎಂದೇ ಕರೆಯುತ್ತಿದ್ದರು. ಮಗನಿಗೆ ಮದುವೆಯಾಗುವುದಕ್ಕೆ ಬಹಳ ಮೊದಲೇ ಆಕೆಗೆ ಆ ಹೆಸರು ಬಂದಿತ್ತು. ಬಂದದ್ದು ಬಾಳೆಸಸಿಗಳಿಂದ.

ರಸ್ತೆಯ ತಿರುವಿನಾಚೆ ಬಾಳೆಸಸಿ ತಯಾರಿಸುವ ಒಂದು ಲ್ಯಾಬು ಇದೆ. ಅಲ್ಲಿ ಸಸಿಗಳು ಮಣ್ಣಿನಲ್ಲಿ ಹುಟ್ಟುವುದಿಲ್ಲ, ಗಾಜಿನ ಬಾಟಲಿಯಲ್ಲಿ ಹುಟ್ಟುತ್ತವೆ. ಗೆಡ್ಡೆಯ ತುದಿಯ ಚೂರೊಂದನ್ನು ಅಂಟಂಟಾದ ಆಹಾರದ ಮೇಲೆ ಕೂರಿಸಿ, ಮುಚ್ಚಳ ಹಾಕಿ, ಟ್ಯೂಬ್‌ಲೈಟಿನ ಕೆಳಗೆ ಜೋಡಿಸುತ್ತಾರೆ. ಒಳಗೆ ಬೀಸುವ ಗಾಳಿಯಿಲ್ಲ, ಧೂಳಿಲ್ಲ, ಬಿಸಿಲಿಲ್ಲ. ಉಣ್ಣುವ ಸಕ್ಕರೆಯನ್ನೂ ಯಾರೋ ಕಲಸಿ ಇಟ್ಟಿರುತ್ತಾರೆ. ಆ ಬಾಟಲಿ ಕೋಣೆಗೆ ಅಲ್ಲಿ ದುಡಿಯುವ ಹೆಂಗಸರು ಇಟ್ಟ ಹೆಸರು "ತವರು". ಬಾಟಲಿಯಿಂದ ಹೊರಬಂದು, ಬೇರು ತೊಳೆಸಿಕೊಂಡು, ಲ್ಯಾಬಿನ ಹಿಂದಿರುವ, ನೆರಳಿನ ಬಲೆ ಹೊದಿಸಿದ ಬಲೆಮನೆಗೆ ಬರುವ ಸಸಿಗಳು "ಸೊಸೆಯರು". ಆ ಬಲೆಮನೆಯಲ್ಲಿ ಅವುಗಳನ್ನು ಬಿಸಿಲಿಗೆ ಹದಗೊಳಿಸುವ ಹೊಣೆ ಈಕೆಯದು. ಅಂದಮೇಲೆ ಅತ್ತೆಯಲ್ಲದೆ ಮತ್ತೇನು?

"ಸೊಸೇರು ಬಂದ್ರು ಅತ್ತೆ. ಎಷ್ಟು ನಾಜೂಕಾಗಿದ್ದಾರೆ ನೋಡಿ" ಎಂದು ಸಸಿಗಳ ತಟ್ಟೆ ಹೊತ್ತು ತಂದವರು ಹೇಳಿದರೆ, "ತವರಲ್ಲಿ ಸಕ್ಕರೆ ನೆಕ್ಕಿಕೊಂಡು ಬೆಳೆದಿದ್ದಾರಲ್ಲ. ಇಳಿಸು, ನಾಜೂಕು ಬಿಡಿಸ್ತೀನಿ" ಎನ್ನುವಳು.

ನಾಜೂಕು ಬಿಡಿಸುವುದು ಸಣ್ಣ ಕೆಲಸವಲ್ಲ. ಎಲೆಗೆ ಬೆಳಕು ಬೇಕೆಂದು ಮಕ್ಕಳಿಗೆ ಹೇಳುವುದು ಸುಲಭ. ಬೆಳಕು ಹೆಚ್ಚಾದರೆ ಎಲೆಯೇ ಕೆಡುತ್ತದೆ ಎಂದು ನಂಬಿಸುವುದು ಕಷ್ಟ. ಮೇಷ್ಟ್ರಾಗಿದ್ದಾಗ ತರಗತಿಯಲ್ಲಿ ನಾನು ಒಲೆಯನ್ನು ಉದಾಹರಣೆಯಾಗಿ ಕೊಡುತ್ತಿದ್ದೆ. ಎಲೆಯೊಳಗೆ ನಡೆಯುವುದು ಅಡುಗೆ. ನೀರು ಮತ್ತು ಗಾಳಿಯಲ್ಲಿನ ಇಂಗಾಲ ಅದರ ಸಾಮಾನು, ಬೆಳಕು ಅದರ ಉರಿ. ಸಾಮಾನು ಬೇಯುವಷ್ಟು ಉರಿಯಿದ್ದರೆ ಸಕ್ಕರೆ ಸಿದ್ಧವಾಗುತ್ತದೆ. ಉರಿ ಅದಕ್ಕಿಂತ ಹೆಚ್ಚಾದರೆ ಒಳಗಿನ ಪಾತ್ರೆಯೇ ಸುಟ್ಟುಹೋಗುತ್ತದೆ.

ಎಲೆಯೂ ಸುಮ್ಮನೆ ಸುಡಿಸಿಕೊಳ್ಳುವುದಿಲ್ಲ. ಪತ್ರಹರಿತ್ತಿನ ಕಣಗಳು ಬಿಸಿಲಿಗೆ ಮೈ ಒಡ್ಡುವುದನ್ನು ಬಿಟ್ಟು ಜೀವಕೋಶದ ಗೋಡೆಗೆ ಸರಿದು, ಒಂದರ ಹಿಂದೆ ಒಂದು ಅಡಗಿ ನಿಲ್ಲುತ್ತವೆ. ಹಳದಿ ಬಣ್ಣದ ಕೆಲವು ಪದಾರ್ಥಗಳು ಹೆಚ್ಚಾದ ಬೆಳಕನ್ನು ಬಿಸಿಯಾಗಿ ಹೊರಗೆ ಚೆಲ್ಲುತ್ತವೆ. ಬಾಳೆಯೆಲೆಯಂತೂ ನಡುದಿಂಡಿನ ಎರಡೂ ಕಡೆ ರೆಕ್ಕೆ ಇಳಿಬಿಟ್ಟು ಮಡಚಿಕೊಳ್ಳುತ್ತದೆ. ಎಳೆಯ ಸಸಿಯಾದರೆ ಮೈಮೇಲೆ ಕೆಂಪು ಮಚ್ಚೆ ಎಬ್ಬಿಸಿ ಅದನ್ನೇ ಕೊಡೆಯಂತೆ ಹಿಡಿಯುತ್ತದೆ. ಇಷ್ಟೆಲ್ಲ ಮಾಡಿದರೂ ಹಗಲಿನಲ್ಲಿ ಒಳಗಿನ ಯಂತ್ರದ ಒಂದು ಭಾಗ ಮುರಿಯುತ್ತಲೇ ಇರುತ್ತದೆ. ಎಲೆ ಅದನ್ನು ರಿಪೇರಿ ಮಾಡಿಕೊಳ್ಳುತ್ತಲೇ ಇರುತ್ತದೆ. ಮುರಿಯುವುದು ರಿಪೇರಿಯನ್ನು ಮೀರಿದ ದಿನ ಎಲೆ ಬೆಳ್ಳಗಾಗುತ್ತದೆ.

ಬಾಟಲಿಯ ಸಸಿಗೆ ಈ ವಿದ್ಯೆಗಳಲ್ಲಿ ಒಂದೂ ರೂಢಿಯಾಗಿರುವುದಿಲ್ಲ. ಎಲೆಯ ಮೇಲೆ ಮೇಣದ ಲೇಪವೂ ಇರುವುದಿಲ್ಲ. ಆದ್ದರಿಂದ ಮೊದಲು ತುಂತುರು ನೀರಿನ ಗುಡಾರ, ಆಮೇಲೆ ಎರಡು ಬಲೆಯ ನೆರಳು, ಆಮೇಲೆ ಒಂದು ಬಲೆ, ಕೊನೆಗೆ ಬಯಲು. "ಗುಟುಕು ಗುಟುಕಾಗಿ ಕುಡಿಸ್ಬೇಕು ಮೇಷ್ಟ್ರೇ. ಒಂದೇ ಸಲ ಬಾಯಿಗೆ ಸುರಿದ್ರೆ ಸತ್ತೇಹೋಗ್ತಾವೆ" ಎಂದು ಅತ್ತೆ ನನಗೆ ಹೇಳಿದ್ದುಂಟು. ನನ್ನ ಹಿತ್ತಿಲಿನ ಬಾಳೆ ಆಕೆಯೇ ತಂದು ನೆಟ್ಟದ್ದು. ನನ್ನ ಹೆಂಡತಿ ಹಾಸಿಗೆ ಹಿಡಿದಾಗ ದಿನವೂ ಬಂದು ಅವಳ ತಲೆ ಬಾಚಿ, ಬೈದು, ನಗಿಸಿ ಹೋದವಳೂ ಇವಳೇ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ; ಮುಂದೆ ಹೇಳಬೇಕಾದದ್ದು ಬೇರೆ ಬಗೆಯದು.

ಯಾವ ಹೊತ್ತಿಗೆ ಬಲೆ ತೆಗೆಯಬೇಕು ಎಂಬುದಕ್ಕೆ ಆಕೆಯ ಬಳಿ ಒಂದು ಪರೀಕ್ಷೆ ಇತ್ತು. ಬಿಳಿಯ ತಟ್ಟೆಯೊಂದನ್ನು ಸಸಿಗಳ ನಡುವೆ ಕವುಚಿ ಹಾಕಿ, ಅದರ ಮೇಲೆ ಅಂಗೈ ಚಾಚುವಳು. ಬೆರಳಿನ ನೆರಳು ಕೊರೆದಂತೆ ಬಿದ್ದರೆ ಬೆಳಕು ಜಾಸ್ತಿ, ಬಲೆ ಇರಲಿ. ನೆರಳು ಕಲಸಿಕೊಂಡು ಮಸುಕಾಗಿ ಬಿದ್ದರೆ ಬೆಳಕು ಸಾಲದು, ಮೇಲಿನ ಬಲೆ ತೆಗೆಯಿರಿ. ಲ್ಯಾಬಿನ ಮ್ಯಾನೇಜರು ಬೆಳಕು ಅಳೆಯುವ ಒಂದು ಮೀಟರು ತಂದುಕೊಟ್ಟಿದ್ದರು. ಆಕೆ ಅದನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿಗೆ ತಳ್ಳಿದಳು. "ಸೊಸೆಗೆ ಜ್ವರ ಇದೆಯಾ ಅಂತ ಅತ್ತೆ ಹಣೆ ಮುಟ್ಟಿ ನೋಡ್ತಾಳೆ. ಗಡಿಯಾರನ ಕೇಳ್ತಾಳಾ?" ಬಹುಕಾಲ ಆ ಕೈ ತಪ್ಪಲಿಲ್ಲ.

ಮಗನು ಅದೇ ಲ್ಯಾಬಿನ ಸಸಿ ಸಾಗಿಸುವ ವ್ಯಾನಿನ ಡ್ರೈವರು. ಅವನು ಮದುವೆಯಾದದ್ದು ಬಾಟಲಿ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯನ್ನು. ಬಲೆಮನೆಯಲ್ಲಿ ನಗೆಯೋ ನಗೆ: ಅತ್ತೆಗೆ ನಿಜವಾದ ಸೊಸೆಯೂ ಅದೇ ತವರಿನಿಂದ ಬಂದಳು ಎಂದು. ಅತ್ತೆ ನಗಲಿಲ್ಲ. ಮ್ಯಾನೇಜರಿಗೆ ಹೇಳಿ ಅವಳನ್ನು ಬಲೆಮನೆಗೆ ಎಳೆಸಿಕೊಂಡಳು. "ಬಾಟಲಿ" ಎಂದು ಹೆಸರಿಟ್ಟಳು.

"ಬಾಟಲಿ, ಬಾರೇ ಇಲ್ಲಿ. ಚಹಾನ ಕಣ್ಣು ತೊಳೆಯೋಕೆ ಕೊಟ್ಟಿದ್ದೀಯಾ, ಕುಡಿಯೋಕಾ?"

ಸಸಿಗಳಿಗೆ ಗುಟುಕು ಗುಟುಕಾಗಿ ಬಿಸಿಲು ಕುಡಿಸುತ್ತಿದ್ದ ಹೆಂಗಸು ಈ ಹುಡುಗಿಗೆ ಯಾವ ಬಲೆಯನ್ನೂ ಕಟ್ಟಲಿಲ್ಲ. ನೆಂಟರು ಬಂದರೆ ಅವರೆದುರು ಸೊಸೆ ಮಡಚಿಟ್ಟ ಬಟ್ಟೆಗಳನ್ನು ತೆಗೆದು, ಮಡಿಕೆ ಸರಿಯಿಲ್ಲವೆಂದು ಕೊಡವುವಳು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಎದುರಾದವರಿಗೆಲ್ಲ, "ಇವಳಿಗೆ ಮಾತು ಬರಲ್ಲ, ಮುಚ್ಚಳ ತೆಗೆದಿಲ್ಲ ಇನ್ನೂ" ಎಂದು ಹೇಳಿ ನಗಿಸುವಳು. ಹುಡುಗಿ ತಲೆ ತಗ್ಗಿಸಿ ನಡೆಯುವಳು. ಗಂಡನ ಬಳಿ ಹೇಳಿಕೊಂಡರೆ ಅವನು, "ಅಮ್ಮನ ಬಾಯಿ ಹಾಗೇ ಕಣೇ, ಗಾಳಿಗೆ ಬಿಡು" ಎಂದು ಗಾಡಿ ಹತ್ತಿ ಹೋಗುವನು.

ಈ ನಡುವೆ ಅತ್ತೆಯ ಕಣ್ಣಿಗೆ ಪೊರೆ ಬೆಳೆಯತೊಡಗಿತ್ತು. ಪೊರೆಯದು ಬಹಳ ಜಾಣ ಕಳ್ಳತನ. ಕದ್ದದ್ದು ಕಳಕೊಂಡವರಿಗೇ ಗೊತ್ತಾಗುವುದಿಲ್ಲ. "ಈಚೀಚೆಗೆ ಬಿಸಿಲಿಗೇ ದಮ್ಮಿಲ್ಲ ಮೇಷ್ಟ್ರೇ" ಎಂದು ಆಕೆ ನಮ್ಮ ಜಗಲಿಯಲ್ಲಿ ಕುಳಿತು ಹೇಳಿದಾಗ ನಾನು ವಯಸ್ಸಾದವರ ಮಾತೆಂದುಕೊಂಡೆ. ಟ್ಯೂಬ್‌ಲೈಟುಗಳು ಕಳಪೆಯೆಂದಳು, ಹೊಗೆ ಹೆಚ್ಚಾಗಿದೆಯೆಂದಳು. ತನ್ನ ಕಣ್ಣಿನ ಮೇಲೆ ಮಾತ್ರ ಆಕೆಗೆ ಅನುಮಾನ ಬರಲಿಲ್ಲ.

ಅದೇ ವರ್ಷ ಮ್ಯಾನೇಜರು ಆಕೆಯನ್ನು ಕರೆದು, ನಿವೃತ್ತಿಯ ವಯಸ್ಸು ದಾಟಿತೆಂದು ನೆನಪಿಸಿದರು. ಒಳ್ಳೆಯ ಮನುಷ್ಯ, ಗಟ್ಟಿಯಾಗಿ ಮಾತಾಡುವವರೂ ಅಲ್ಲ. ಚಳಿಗಾಲದಲ್ಲಿ ಒಂದು ದೊಡ್ಡ ತೋಟದವರಿಗೆ ಸಸಿ ಕೊಡುವುದಿತ್ತು. ಲ್ಯಾಬು ಅಷ್ಟು ದೊಡ್ಡ ಆರ್ಡರನ್ನು ಅದುವರೆಗೆ ಕಂಡಿರಲಿಲ್ಲ. "ಆ ಸಸಿಗಳನ್ನ ದಡ ಸೇರಿಸಿ ಅತ್ತೆ. ಸೇರಿಸಿದ್ರೆ ಕೈಕಾಲು ಆಡೋವರೆಗೂ ಬಲೆಮನೆ ನಿಮ್ಮದೇ" ಎಂದರು.

ಆಕೆ ಅದನ್ನು ನನಗೆ ಹೇಳುವಾಗ ಸೆರಗಿನ ತುದಿಯನ್ನು ತಿರುಚುತ್ತಿದ್ದಳು. "ಮನೇಲಿ ಕೂತ್ರೆ ನಾನು ಮುಗಿದೆ ಅಂತಲೇ ಲೆಕ್ಕ ಮೇಷ್ಟ್ರೇ. ಆ ಬಾಟಲಿ ಕೈಯಿಂದ ನೀರು ಇಸ್ಕೊಂಡು ಕುಡೀಬೇಕಾಗತ್ತೆ. ನಾನು ಅವಳಿಗೆ ಏನೇನು ಮಾಡಿದ್ದೀನಿ ಅಂತ ನನಗೆ ಗೊತ್ತಿಲ್ವಾ?"

ದೊಡ್ಡ ಆರ್ಡರಿಗೆ ಮೊದಲು ಒಂದು ಸಣ್ಣ ತಂಡದ ಸಸಿಗಳು ಬಲೆಮನೆಯಲ್ಲಿದ್ದವು. ಒಂದು ಬೆಳಿಗ್ಗೆ ಅತ್ತೆ ತಟ್ಟೆಯ ಮೇಲೆ ಕೈ ಚಾಚಿ ನೋಡಿ, "ಬೆಳಕಿಲ್ಲ, ಮೇಲಿನ ಬಲೆ ತೆಗೀರಿ" ಎಂದಳು. ಸೊಸೆ ಪಕ್ಕದಲ್ಲಿಯೇ ನಿಂತಿದ್ದಳು. ತಟ್ಟೆಯ ಮೇಲೆ ಅತ್ತೆಯ ಐದು ಬೆರಳೂ ಉಗುರು ಸಮೇತ ಕೊರೆದಂತೆ ಬಿದ್ದಿದ್ದವು.

"ನೆರಳು ಸ್ಪಷ್ಟವಾಗಿದೆ ಅತ್ತೆ" ಎಂದಳು. ಬಲೆಮನೆಯಲ್ಲಿ ಅವಳು ತಾನಾಗಿ ಬಾಯಿ ತೆರೆದದ್ದು ಅದೇ ಮೊದಲು.

ಅತ್ತೆ ತಿರುಗಿದಳು. "ಅಬ್ಬ, ಮುಚ್ಚಳ ತೆಗೀತು ಕಣ್ರೇ. ಸ್ಪಷ್ಟವಾಗಿದೆಯಾ? ಹಾಗಾದ್ರೆ ನೀನೇ ನೋಡು. ಚೆನ್ನಾಗಿ ನೋಡು."

ಮಧ್ಯಾಹ್ನ ಊಟದ ಹೊತ್ತಿಗೆ ಆ ತಟ್ಟೆಯನ್ನು ಬಯಲಿಗೆ ತರಿಸಿ, ಸೊಸೆಯನ್ನು ಅದರ ಮುಂದೆ ನಿಲ್ಲಿಸಿ ಕೈ ಚಾಚಿಸಿದಳು. ಹೆಂಗಸರು ಬಲೆಯ ನೆರಳಿನಲ್ಲಿ ಡಬ್ಬಿ ಬಿಚ್ಚಿ ಕುಳಿತಿದ್ದರು. "ಎಷ್ಟು ಬೆರಳು?" ಎಂದು ಅತ್ತೆ ತುತ್ತಿನ ನಡುವೆ ಕೇಳುವಳು. "ಐದು" ಎಂದು ಹುಡುಗಿ ಹೇಳಬೇಕು. "ಕೇಳಿಸ್ಲಿಲ್ಲ." "ಐದು ಅತ್ತೆ." ಊಟ ಮುಗಿದು ಡಬ್ಬಿ ತೊಳೆಯುವವರೆಗೂ ಹೀಗೆಯೇ ನಡೆಯಿತು. ಕೆಲವರು ನಕ್ಕರು. ನೀರು ಬಿಡುವ ಹಿರಿಯ ಹೆಂಗಸು, ನೀರಕ್ಕ ಎಂದು ಕರೆಯುತ್ತಾರೆ, ಅವಳೇ ಇದನ್ನು ನನಗೆ ಹೇಳಿದ್ದು. "ನಾನೂ ನಕ್ಕೆ ಮೇಷ್ಟ್ರೇ. ನಗದಿದ್ರೆ ನಾಳೆ ತಟ್ಟೆ ಮುಂದೆ ನಾನೇ ನಿಲ್ಬೇಕಲ್ಲ."

ಮೇಲಿನ ಬಲೆ ತೆಗೆದ ಎರಡು ದಿನದಲ್ಲಿ ಆ ಸಸಿಗಳ ಎಲೆಗಳು ಅಂಚಿನಿಂದ ಬೆಳ್ಳಗಾದವು. ಮತ್ತೆ ಎರಡು ಬಲೆ ಕಟ್ಟಿದ ಮೇಲೆ ಅರೆವಾಸಿ ಚೇತರಿಸಿಕೊಂಡವು, ಉಳಿದವು ಹೋದವು. ಸೊಸೆ ಹೊತ್ತಿಗೆ ಸರಿಯಾಗಿ ನೀರು ಚಿಮುಕಿಸಲಿಲ್ಲ ಎಂದು ಅತ್ತೆ ಮ್ಯಾನೇಜರಿಗೆ ಹೇಳಿದಳು. ಆಕೆ ಸುಳ್ಳು ಹೇಳಿದಳೆಂದು ನಾನು ತಿಳಿಯುವುದಿಲ್ಲ. ತನ್ನ ಕೈ ತಪ್ಪಿರಲಾರದು, ಆದ್ದರಿಂದ ತಪ್ಪು ಇವಳದೇ ಆಗಿರಬೇಕು ಎಂಬುದು ಆಕೆಯ ನಂಬಿಕೆ. ಹುಡುಗಿಯನ್ನು ಬಾಟಲಿ ತೊಳೆಯುವುದಕ್ಕೆ ಹಾಕಿದರು. ಸೋಪಿನ ನೀರಿನಲ್ಲಿ ಅವಳ ಬೆರಳ ಸಂದುಗಳು ಬಿರುಕುಬಿಟ್ಟವು. "ಬಾಟಲಿ ಬಾಟಲಿ ತೊಳೀತಾ ಇದೆ" ಎಂದು ಅತ್ತೆ ಹಾದುಹೋಗುವಾಗ ಹೇಳುತ್ತಿದ್ದಳು.

ದೊಡ್ಡ ಆರ್ಡರಿನ ಕೆಲಸಕ್ಕೆ ಕೈಗಳು ಸಾಲದೆ ಅವಳನ್ನು ಮತ್ತೆ ಬಲೆಮನೆಗೆ ಕರೆಸಿದರು. ಸಸಿಗಳು ತುಂತುರು ಗುಡಾರದಿಂದ ಆಗತಾನೆ ಹೊರಬಂದಿದ್ದವು. ವಾರವೆಲ್ಲ ಮೋಡ ಕವಿದಿತ್ತು. ಮೋಡದ ದಿನಗಳಿಗೆ ಒಗ್ಗಿದ ಎಲೆ ಬಾಯಿ ಅಗಲಿಸಿಕೊಂಡು ಬೆಳಕಿಗೆ ಕಾಯುತ್ತಿರುತ್ತದೆ. ಆಮೇಲೆ ಒಂದು ಮುಂಜಾನೆ ಆಕಾಶ ತೊಳೆದಿಟ್ಟಂತೆ ಶುಭ್ರವಾಯಿತು. ಕೈ ಮರಗಟ್ಟುವ ಚಳಿ, ಮೇಲೆ ನಿಚ್ಚಳ ಬಿಸಿಲು. ಇಂಥ ಬಿಸಿಲನ್ನು ನಾವು ಹಿತವೆನ್ನುತ್ತೇವೆ, ಕುರ್ಚಿ ಹಾಕಿಕೊಂಡು ಬೆನ್ನು ಕಾಯಿಸಿಕೊಳ್ಳುತ್ತೇವೆ. ಎಲೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಚಳಿಗೆ ಒಳಗಿನ ಅಡುಗೆಯೂ ರಿಪೇರಿಯೂ ನಿಧಾನವಾಗಿರುತ್ತವೆ. ಉರಿ ಮಾತ್ರ ಪೂರ್ತಿ ಬಂದು ಬೀಳುತ್ತದೆ.

ಅತ್ತೆ ತಟ್ಟೆ ಕವುಚಿ ಕೈ ಚಾಚಿದಳು. ಬಗ್ಗಿ ನೋಡಿದಳು. ಇನ್ನೂ ಬಗ್ಗಿದಳು.

"ನೆರಳೇ ಇಲ್ಲ. ಮೋಡ ಹೋಗಿದ್ರೂ ಬೆಳಕಿಗೆ ಜೀವ ಬಂದಿಲ್ಲ. ಎರಡೂ ಬಲೆ ತೆಗೀರಿ, ಪಾಪ, ವಾರದಿಂದ ಉಪವಾಸ ಇದ್ದಾವೆ."

ಯಾರೂ ಕದಲಲಿಲ್ಲ. ತಟ್ಟೆಯ ಮೇಲೆ ಕೈಯ ಚಿತ್ರ ಬರೆದಿಟ್ಟಂತಿತ್ತು ಎಂದು ನೀರಕ್ಕ ಹೇಳಿದಳು. ಎಲ್ಲರ ಕಣ್ಣೂ ಸೊಸೆಯ ಕಡೆ ತಿರುಗಿತು. ಹಗ್ಗ ಬಿಚ್ಚುವ ಸದ್ದು ಬಾರದ್ದು ಅತ್ತೆಗೆ ತಿಳಿದಿರಬೇಕು.

"ಏನೇ ಬಾಟಲಿ, ನಿನಗೇನು ಕಾಣಿಸ್ತಿದೆ?"

ಆಗ ಅತ್ತೆಯ ದನಿಯಲ್ಲಿ ಎಂದಿನ ಕೊಂಕು ಇರಲಿಲ್ಲವಂತೆ. ನಿಜವಾಗಿಯೇ ಕೇಳಿದ ಹಾಗಿತ್ತಂತೆ.

"ನೀವು ಹೇಳಿದ ಹಾಗೇ ಅತ್ತೆ. ಏನೂ ಕಾಣಿಸ್ತಿಲ್ಲ" ಎಂದಳು ಸೊಸೆ.

ಆಮೇಲೆ ತಾನೇ ಮೊದಲು ಹೋಗಿ ಹಗ್ಗದ ಗಂಟು ಬಿಚ್ಚಿದಳು. ಬಲೆಯನ್ನು ಎಳೆದು, ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿ ಮೂಲೆಯಲ್ಲಿಟ್ಟಳು. ಅಷ್ಟು ಒಪ್ಪವಾಗಿ ಮಡಚಿದ್ದನ್ನು ಯಾರೂ ನೋಡಿರಲಿಲ್ಲ.

ಸಸಿಗಳು ತಮಗೆ ತಿಳಿದದ್ದನ್ನೆಲ್ಲ ಮಾಡಿದವು. ಹೊತ್ತು ಏರುವಷ್ಟರಲ್ಲಿ ಎಲೆಗಳು ರೆಕ್ಕೆ ಇಳಿಸಿ ಮಡಚಿಕೊಂಡವು. "ಕೈಮುಗಿದ ಹಾಗೆ ನಿಂತಿದ್ವು ಮೇಷ್ಟ್ರೇ, ಉದ್ದಕ್ಕೂ" ಎಂದಳು ನೀರಕ್ಕ. ಅಲ್ಲೊಂದು ಇಲ್ಲೊಂದರಲ್ಲಿ ಆಗಲೇ ಕೆಂಪು ಮಚ್ಚೆ ಎದ್ದಿತ್ತು, ಅವು ತಡೆದುಕೊಂಡವು. ಉಳಿದವುಗಳಿಗೆ ಕೆಂಪಾಗುವುದಕ್ಕೂ ಸಮಯ ಸಿಗಲಿಲ್ಲ. ಅತ್ತೆ ಸಾಲುಗಳ ನಡುವೆ ಓಡಾಡುತ್ತ, "ಕುಡೀರಿ, ಕುಡೀರಿ" ಎನ್ನುತ್ತಿದ್ದಳು. ಸಂಜೆಗೆ ಹಸುರು ತಿಳಿಯಾಯಿತು. ಮರುದಿನವೂ ಅಂಥದೇ ಬಿಸಿಲು. ಅದರ ಮರುದಿನ ಬಲೆಮನೆಯ ತುಂಬ ಬಿಳಿ ಕಾಗದ ಹಾಸಿದಂತಿತ್ತು.

ಮ್ಯಾನೇಜರು ಡ್ರಾಯರಿನಿಂದ ಮೀಟರು ತೆಗೆಸಿಕೊಂಡು ಬಂದರು. ಅತ್ತೆ ಒಂದು ಎಲೆಯನ್ನು ಎರಡು ಬೆರಳಿನ ನಡುವೆ ಸವರಿ, "ಮೆತ್ತಗಿದೆ ನೋಡಿ, ಜೀವ ಇದೆ. ಎದ್ದುಕೊಳ್ತಾವೆ" ಎಂದಳು.

"ಬೆಳ್ಳಗಾಗಿವೆ ಅತ್ತೆ."

"ಯಾರು ಹೇಳಿದ್ದು?"

ಮ್ಯಾನೇಜರು ನಾಲ್ಕು ಹೆಜ್ಜೆ ಹಿಂದೆ ಸರಿದು ಕೈ ಎತ್ತಿದರು. "ಅತ್ತೆ, ಇದು ಎಷ್ಟು ಬೆರಳು?"

ಹೆಂಗಸರೆಲ್ಲ ನಿಂತಿದ್ದರು. ಅತ್ತೆ ಕಣ್ಣು ಕಿರಿದು ಮಾಡಿದಳು, ಕತ್ತು ಮುಂದೆ ಚಾಚಿದಳು. "ಮೂರು."

ಅವರು ಮುಷ್ಟಿ ಕಟ್ಟಿದ್ದರು.

ಯಾರೋ ಕಿಸಕ್ಕನೆ ನಕ್ಕರು. ಯಾರೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. "ಮನೆಗೆ ಹೋಗಿ ಅತ್ತೆ, ಕಣ್ಣು ತೋರಿಸಿಕೊಳ್ಳಿ" ಎಂದು ಮ್ಯಾನೇಜರು ಮೆಲ್ಲಗೆ ಹೇಳಿದರು. ಆಕೆ ಹೋಗಲಿಲ್ಲ. ಸತ್ತ ಸಸಿಗಳ ತಟ್ಟೆಗಳನ್ನು ತಾನೇ ಹೊತ್ತು ಗೊಬ್ಬರದ ಗುಂಡಿಗೆ ಸುರಿದಳು. ಪ್ರತಿ ತಟ್ಟೆಯಲ್ಲೂ ಕೈಯಾಡಿಸಿ, ಯಾವುದಾದರೂ ಉಳಿದಿದೆಯೇ ಎಂದು ತಡಕಿ, ಆಮೇಲೆ ಸುರಿಯುವಳು. ಬದುಕಿದ್ದ ಕೆಂಪು ಮಚ್ಚೆಯ ಸಸಿಗಳು ಕೆಲವು ಹಾಗೆಯೇ ಗುಂಡಿ ಸೇರಿದವು. ಸೊಸೆ ಅವನ್ನು ಹಿಂದಿನಿಂದ ಆರಿಸಿ ಎತ್ತಿಕೊಂಡಳು. ಎರಡು ಬಲೆಯ ಕೆಳಗೆ ಅವು ಚೆನ್ನಾಗಿ ಬಂದವು. ತಿಂಗಳು ತುಂಬುವುದರೊಳಗೆ ಬಲೆಮನೆಯ ಹಗ್ಗ ಅವಳ ಕೈಗೆ ಬಂತು. ತಟ್ಟೆ ಹೊತ್ತು ತಂದ ಹೆಂಗಸರು, "ಸೊಸೇರು ಬಂದ್ರು ಅತ್ತೆ" ಎಂದು ಅವಳಿಗೇ ಹೇಳತೊಡಗಿದರು. ಅವಳು ಮೀಟರನ್ನು ಕತ್ತಿಗೆ ದಾರ ಕಟ್ಟಿ ನೇತುಹಾಕಿಕೊಂಡಿದ್ದಾಳೆ.

ಅತ್ತೆಗೆ ಪೊರೆ ತೆಗೆಸಿದರು. ನಾನು ನೋಡಲು ಹೋದಾಗ ಕಪ್ಪು ಕನ್ನಡಕ ಹಾಕಿಕೊಂಡು ಒಳಕೋಣೆಯ ಮಂಚದ ಮೇಲೆ ಕುಳಿತಿದ್ದಳು. ಕಿಟಕಿಗೆ ದಪ್ಪನೆಯ ಪರದೆ. ಕನ್ನಡಕ ಎತ್ತಿ ನನ್ನನ್ನು ನೋಡಿ, "ನಿಮ್ಮ ಕಾಲರು ಹರಿದಿದೆ ಮೇಷ್ಟ್ರೇ. ಎಷ್ಟು ವರ್ಷದಿಂದ ಹೀಗೇ ಬರ್ತಿದ್ದೀರಿ?" ಎಂದಳು. ನಾವಿಬ್ಬರೂ ನಕ್ಕೆವು. ಸೊಸೆ ನೀರಿನ ಲೋಟ ತಂದು ಅತ್ತೆಯ ಕೈಗೆ ಕೊಟ್ಟಳು. ಪರದೆಯ ಸಂದಿನಿಂದ ಒಂದು ಗೆರೆ ಬಿಸಿಲು ಗೋಡೆಗೆ ಬಿದ್ದಿತ್ತು. ಲೋಟ ಹಿಡಿದ ಕೈಯ ನೆರಳು ಅದರಲ್ಲಿ ಬಿತ್ತು. ಅತ್ತೆ ಅದನ್ನೇ ನೋಡುತ್ತ ಉಳಿದಳು.

"ಅವತ್ತು ನಿನಗೆ ಕಾಣಿಸ್ತಿತ್ತು ಅಲ್ವಾ?"

"ಕಾಣಿಸ್ತಿತ್ತು ಅತ್ತೆ. ಐದು ಬೆರಳೂ."

ಅತ್ತೆ ನೀರು ಕುಡಿದಳು. ಲೋಟ ಹಿಂದಕ್ಕೆ ಕೊಟ್ಟಳು.

ಅದಾಗಿ ಬಹಳ ದಿನ ಕಳೆಯಿತು. ಡಾಕ್ಟರು ಬಿಸಿಲು ಬೇಡವೆಂದದ್ದು ಒಂದು ವಾರದ ಮಟ್ಟಿಗೆ. ಈಗ ಮಳೆಗಾಲವೂ ಮುಗಿಯುತ್ತ ಬಂತು, ಪರದೆ ಹಾಗೆಯೇ ಇದೆ. ಮಗನು, "ಅವಳು ನೋಡ್ಕೊಳ್ತಾಳೆ ಮೇಷ್ಟ್ರೇ, ಅಮ್ಮನ ಕಣ್ಣು ಅಂದ್ರೆ ಅವಳಿಗೆ ಜೀವ" ಎನ್ನುತ್ತಾನೆ. ಕಳೆದ ವಾರ ಹೋದಾಗ ಅತ್ತೆ ನನ್ನ ತೋಳು ಹಿಡಿದುಕೊಂಡಳು. ಅವಳ ಕೈ ಬಿಳಿಚಿಕೊಂಡಿತ್ತು, ಬಾಟಲಿಯಿಂದ ತೆಗೆದ ಬೇರಿನ ಹಾಗೆ.

"ಆ ಪರದೆ ಸ್ವಲ್ಪ ಸರಿಸಿ ಮೇಷ್ಟ್ರೇ. ಕಣ್ಣು ವಾಪಸ್ ಬಂದಿದೆ, ನೋಡೋಕೆ ಏನೂ ಇಲ್ಲ."

ನಾನು ಎದ್ದು ಪರದೆಗೆ ಕೈ ಹಾಕಿದೆ. ಅದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದಿದ್ದರು. ಬಲೆ ಬಿಗಿಯುವ ಗಂಟು, ಅತ್ತೆಯೇ ಸೊಸೆಗೆ ಕಲಿಸಿದ್ದು. ನನ್ನ ಬೆರಳಿಗೆ ಅದು ಬಿಚ್ಚಲಿಲ್ಲ. ಸೊಸೆ ಬಾಗಿಲಲ್ಲಿ ಬಂದು ನಿಂತಿದ್ದಳು.

"ಒಂದೇ ಸಲ ಬೇಡ ಮೇಷ್ಟ್ರೇ. ಗುಟುಕು ಗುಟುಕಾಗಿ ಅಭ್ಯಾಸ ಮಾಡಿಸ್ಬೇಕು ಅಂತ ಅತ್ತೇನೇ ಹೇಳಿಕೊಟ್ಟಿರೋದು."

ಬಂದು ಪರದೆಯ ಸಂದಿನ ಮುಂದೆ ಅಂಗೈ ಚಾಚಿ ಹಿಡಿದಳು. ಗೋಡೆಯ ಮೇಲೆ ಐದು ಬೆರಳೂ ಬಿದ್ದವು.

"ನೆರಳು ಇನ್ನೂ ಸ್ಪಷ್ಟವಾಗಿದೆ ಅತ್ತೆ. ಇವತ್ತು ಬೇಡ."

ಅತ್ತೆ ಕನ್ನಡಕವನ್ನು ಮತ್ತೆ ಹಾಕಿಕೊಂಡಳು.